ಜೀಕು, ಇನ್ನ ಜೋರ ಜೀಕು

ಬರ್ಲಿನ್ನಿನಲ್ಲಿ ನಮ್ಮ ಮನೆಯ ಹತ್ತಿರ ಮಕ್ಕಳ ಆಟದ ಮೈದಾನವೊಂದಿದೆ. ಅಲ್ಲಿ ದಪ್ಪ ಹಗ್ಗಗಳನ್ನು ಬಲೆಯಂತೆ ಹೆಣೆದು ಗೋಪುರದಷ್ಟು ಎತ್ತರಕ್ಕೆ ಕಟ್ಟಿದ್ದಾರೆ. ಹೋದ ತಿಂಗಳು ಒಂದು ಸಂಜೆ ಏಳು ವರ್ಷದ ಮಗಳು ಸರಸರನೆ ಅದರ ತುದಿಗೇರಿದಳು. ಮೇಲೆ ಗೆಳತಿಯ ಜೊತೆ ಅವಳದು ಜರ್ಮನ್‌ನಲ್ಲಿ ಕೇಕೆ. ಕೆಳಗೆ ನನ್ನದು ಕನ್ನಡದಲ್ಲಿ ಒಂದೇ ಸಮನೆ: "ಹುಷಾರ! ಸಾಕು, ಕೆಳಗ ಇಳಿ! ಬೀಳ್ತಿ!"

ಮನೆಗೆ ಬರುವಾಗ ಕೇಳಿದಳು: "ಅಮ್ಮಾ, ಕನ್ನಡದಾಗ ನೀ ಯಾಕ ಬರೀ ಬ್ಯಾಡ, ಬ್ಯಾಡ ಅಂತಿ?"

ನಕ್ಕು ಮಾತು ತೇಲಿಸಿದೆ. ಆದರೆ ರಾತ್ರಿ ಕೂತು ಲೆಕ್ಕ ಹಾಕಿದೆ. ಏಳು, ಹಲ್ಲುಜ್ಜು, ಲಗೂನ ತಿನ್ನು, ಮುಟ್ಟಬ್ಯಾಡ, ಓಡಬ್ಯಾಡ. ದಿನವಿಡೀ ಅವಳ ಕಿವಿಗೆ ಬೀಳುವ ಕನ್ನಡ ಹೆಚ್ಚುಕಡಿಮೆ ಇಷ್ಟೇ. ಮೈ ಜುಮ್ಮೆನ್ನುವುದೆಲ್ಲ ಜರ್ಮನ್‌ನಲ್ಲೇ ನಡೆಯುತ್ತಿದೆ. ನಾಳೆ ಅವಳು ದೊಡ್ಡವಳಾದಾಗ ಕನ್ನಡವೆಂದರೆ ಅಮ್ಮನ ಗದರಿಕೆಯಷ್ಟೇ ನೆನಪಾದರೆ?

ಮಕ್ಕಳು ಇಷ್ಟಪಡುವ ಸಾಹಸದ ಆಟಗಳನ್ನು ನಾರ್ವೆಯ ಸಂಶೋಧಕಿ ಎಲೆನ್ ಸ್ಯಾಂಡ್‌ಸೆಟರ್ 2007ರಲ್ಲಿ ಆರು ಬಗೆಯಾಗಿ ವಿಂಗಡಿಸಿದರು: ಎತ್ತರ, ವೇಗ, ಹರಿತವಾದ ಸಲಕರಣೆ, ಬೆಂಕಿ-ನೀರಿನ ಸಮೀಪ, ಕುಸ್ತಿಯಂಥ ಗುದ್ದಾಟ, ದೊಡ್ಡವರ ಕಣ್ತಪ್ಪಿಸಿ ಹೋಗುವುದು. ಓದುತ್ತ ನಗು ಬಂತು. ಧಾರವಾಡದ ನನ್ನ ಬಾಲ್ಯದಲ್ಲಿ ಆರೂ ಇದ್ದವು! ಮರಕೋತಿ ಆಟ, ಇಳಿಜಾರಿನಲ್ಲಿ ಬಾಡಿಗೆ ಸೈಕಲ್ಲು, ಈಳಿಗೆಮಣೆಯಲ್ಲಿ ಮಾವಿನಕಾಯಿ ಹೆಚ್ಚುವುದು, ಹೋಳಿಯ ಬೆಂಕಿ, ಅಣ್ಣನ ಜೊತೆ ಜಗಳ, ಕಣ್ಣಾಮುಚ್ಚಾಲೆ. ಇವೆಲ್ಲಕ್ಕಿಂತ ನಾಗರ ಪಂಚಮಿಯ ಜೋಕಾಲಿ. ಬೇವಿನ ಮರಕ್ಕೆ ಕಟ್ಟಿದ ಹಗ್ಗ, ಹೊಟ್ಟೆಯೊಳಗೆ ಕಚಗುಳಿ, ಕೆಳಗೆ ನಿಂತ ಅವ್ವನ ದನಿ: "ಜೀಕು, ಇನ್ನ ಜೋರ ಜೀಕು!"

ಅವ್ವನೂ ಹೆದರಿರಬೇಕು. ನನಗೆ ಕೇಳಿಸಿದ್ದು ಮಾತ್ರ 'ಜೀಕು' ಎಂಬುದೇ.

ಈಗ ನಮ್ಮ ಮನೆಯಲ್ಲಿ ವಾರಕ್ಕೊಂದು ಪುಟ್ಟ ಸಾಹಸ, ಕನ್ನಡದಲ್ಲಿ. ದೇವರ ದೀಪಕ್ಕೆ ಅವಳೇ ಕಡ್ಡಿ ಗೀರುತ್ತಾಳೆ, ನಾನು ಪಕ್ಕದಲ್ಲಿರುತ್ತೇನೆ. ಒಂದು ಸ್ಟಾಪ್ ಮೊದಲೇ ಬಸ್ಸಿಳಿದು, "ಎಡಕ್ಕ, ಈಗ ಬಲಕ್ಕ" ಎನ್ನುತ್ತ ಅವಳೇ ದಾರಿ ತೋರಿಸಿ ನನ್ನನ್ನು ಮನೆ ಮುಟ್ಟಿಸಬೇಕು. ಎರಡು ಸಲ ದಾರಿ ತಪ್ಪಿದೆವು, ಅದೇ ಅವಳಿಗೆ ಬಹಳ ಸೇರಿತು. ರಸ್ತೆ ದಾಟುವಾಗ, ನೀರಿನ ಹತ್ತಿರ ಹೋದಾಗ ನನ್ನ ಕಟ್ಟುನಿಟ್ಟು ಹಾಗೇ ಇದೆ. ಉಳಿದೆಡೆ "ಹುಷಾರ" ಎನ್ನುವ ಬದಲು "ಎಡಗಾಲು ಎಲ್ಲಿಡ್ತಿ?" ಎಂದು ಕೇಳುತ್ತೇನೆ. ಕೇಳಿದರೆ ಉತ್ತರ ಬರುತ್ತದೆ, ಕನ್ನಡದಲ್ಲೇ.

ಮೊನ್ನೆ ಶನಿವಾರ ನಾನೇ ಆ ಹಗ್ಗ ಹತ್ತಿದೆ. ಅರ್ಧಕ್ಕೆ ಹೋಗುವಷ್ಟರಲ್ಲಿ ಮೊಣಕಾಲು ನಡುಗತೊಡಗಿತು. ಕೆಳಗೆ ನೋಡಿದರೆ ತಲೆ ತಿರುಗುವ ಹಾಗಾಯಿತು. ಮೇಲಿನಿಂದ ಪುಟ್ಟ ಕೈಯೊಂದು ಕೆಳಗೆ ಚಾಚಿತು.

"ಅಮ್ಮಾ, ಅಂಜಬ್ಯಾಡ. ಕಾಲು ಇಲ್ಲಿಡು. ಹಾಂ, ಈಗ ಇನ್ನೊಂದು."

ಇಷ್ಟು ಕನ್ನಡ ಅವಳು ಒಂದೇ ಉಸಿರಿಗೆ ಆಡಿದ್ದನ್ನು ನಾನು ಕೇಳಿ ಬಹಳ ದಿನಗಳಾಗಿದ್ದವು. ತುದಿಯವರೆಗೂ ಹತ್ತಿದೆ. ಇಳಿಯುವುದಕ್ಕೆ ಮಾತ್ರ ಕಾಲು ಗಂಟೆ ಬೇಕಾಯಿತು.