ಅಳತೆಯಿಲ್ಲದ ಅರ

ನಿಪ್ಪಾಣಿಯಿಂದ ಅಥಣಿಯವರೆಗೆ ಮೋಟಾರ್ ಸೈಕಲ್ಲಿನ ವೇಗಕ್ಕೆ ಮನಸೋಲದ ತರುಣರು ವಿರಳ. ಇಂಜಿನ್ನಿನ ಸಿಲಿಂಡರ್ ಹೆಡ್ಡನ್ನು ಬಿಚ್ಚಿ, ಗಾಳಿ ಒಳಬರುವ ಮತ್ತು ಹೊಗೆ ಹೊರಹೋಗುವ ದಾರಿಗಳನ್ನು ಅರೆದು ತಿದ್ದುವ ಕೆಲಸಕ್ಕೆ ಪೋರ್ಟಿಂಗ್ ಎಂದು ಹೆಸರು. ಇದು ಬರಿಯ ಹುಡುಗಾಟವೆಂದು ಹಿರಿಯರು ತಳ್ಳಿಹಾಕುವುದುಂಟು. ನಾವು ಹಾಗೆನ್ನಲಾರೆವು.

ಇಂಜಿನ್ನು ಎಷ್ಟು ಗಾಳಿಯನ್ನು ಸೆಳೆದುಕೊಳ್ಳುವುದೋ ಅಷ್ಟೇ ಇಂಧನವನ್ನು ಅದು ಸರಿಯಾಗಿ ಸುಡಬಲ್ಲದು. ಎರಕದಲ್ಲಿ ಉಳಿದ ಉಬ್ಬುತಗ್ಗು, ವಾಲ್ವಿನ ಬಳಿಯ ಬಿಗಿಯಾದ ತಿರುವು, ಇವು ಗಾಳಿಗೆ ಅಡ್ಡಿ. ಅವುಗಳನ್ನು ತಿದ್ದಿದರೆ ಶಕ್ತಿ ಹೆಚ್ಚುವುದು ನಿಜ. ಆದರೆ ಅಗಲಿಸಿದಷ್ಟೂ ಲಾಭವೆಂಬುದು ಭ್ರಮೆ. ಕಾಲುವೆಯನ್ನು ಅಗಲಿಸಿದರೆ ಅಷ್ಟೇ ನೀರಿನ ಓಟ ತಗ್ಗುವುದೆಂದು ಕೃಷ್ಣಾತೀರದ ರೈತನು ಬಲ್ಲನು. ಗಾಳಿಗೂ ಅದೇ ನ್ಯಾಯ. ಅತಿಯಾಗಿ ಕೊರೆದ ಇಂಜಿನ್ನು ಅತಿವೇಗದಲ್ಲಿ ಗರ್ಜಿಸಿ, ಮಂದವೇಗದಲ್ಲಿ ಸೊರಗುವುದು. ಆರ್‌ಎಕ್ಸ್ 100ರಂಥ ಹಳೆಯ ಟೂ ಸ್ಟ್ರೋಕ್ ಬಂಡಿಗಳಲ್ಲಂತೂ ಈ ದಾರಿಗಳು ಹೆಡ್ಡಿನಲ್ಲಿಲ್ಲ, ಸಿಲಿಂಡರಿನ ಗೋಡೆಯಲ್ಲಿವೆ. ಅಲ್ಲಿ ಒಂದು ಮಿಲಿಮೀಟರ್ ತಪ್ಪಿದರೂ ಇಂಜಿನ್ನಿನ ಗುಣವೇ ಕೆಡುವುದು. ಅರೆದ ಲೋಹವು ಮರಳಿ ಬಾರದು.

ಆದುದರಿಂದ ಈ ಕಸಬಿನ ಜೀವಾಳವು ಅರವಲ್ಲ, ಅಳತೆ. ಇಂಗ್ಲೆಂಡಿನ ಹ್ಯಾರಿ ವೆಸ್ಲೇಕ್ ಹೆಸರಾದುದು ಹೆಡ್ಡಿನೊಳಗಿನ ಗಾಳಿಯನ್ನು ಅಳೆದು ತಿದ್ದಿದ್ದರಿಂದ. ಹಾಗೆ ಅಳೆಯುವ ಸಾಧನಕ್ಕೆ ಫ್ಲೋ ಬೆಂಚ್ ಎನ್ನುವರು. ಅದಿಲ್ಲದೆ ಕೇವಲ ಕಣ್ಣಂದಾಜಿನಿಂದ ಅರೆಯುವುದು ಕತ್ತಲಲ್ಲಿ ಬಾಣ ಬಿಟ್ಟಂತೆ.

ಇನ್ನು ಕಾಯಿದೆಯ ಮಾತು. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು, ನೋಂದಣಿ ಪತ್ರದ ವಿವರಗಳು ತಯಾರಕರ ಮೂಲವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಬದಲಿಸಕೂಡದೆನ್ನುತ್ತದೆ. ಸದ್ದು, ಹೊಗೆಗಳ ಮಿತಿ ಮೀರಿದವರಿಗೆ 190ನೆಯ ಕಲಮಿನ ದಂಡವುಂಟು. ಇದು ನ್ಯಾಯವೇ. ಚಿಕ್ಕೋಡಿಯ ಪೇಟೆಯಾಗಲಿ ರಾಯಬಾಗ, ಕಾಗವಾಡಗಳ ರಸ್ತೆಯಾಗಲಿ ಪಂದ್ಯದ ಕಣವಲ್ಲ. ಶಾಲೆಗೆ ಹೋಗುವ ಮಕ್ಕಳೂ ಕಬ್ಬಿನ ಗಾಡಿಗಳೂ ಅದೇ ದಾರಿಯಲ್ಲಿ ಸಾಗಬೇಕು.

ಆದರೆ ದಂಡದಿಂದ ವಿದ್ಯೆ ಬಾರದು. 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ತೆರೆದ ಲಕ್ಷ್ಮಣರಾವ್ ಕಿರ್ಲೋಸ್ಕರರು ಮುಂದೆ ಕಬ್ಬಿಣದ ನೇಗಿಲನ್ನು ತಯಾರಿಸಿ ಉದ್ಯಮವನ್ನೇ ಕಟ್ಟಿದರು. ಅಂಥ ಕೈಗಳು ಇಂದಿನ ಗ್ಯಾರೇಜುಗಳಲ್ಲಿ ಇಲ್ಲವೆಂದು ಯಾರು ಹೇಳಬಲ್ಲರು? ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವು 1998ರಿಂದ ನಮ್ಮ ಜಿಲ್ಲೆಯಲ್ಲಿಯೇ ಇದೆ. ಅದರ ಕಾಲೇಜುಗಳೂ ಕೈಗಾರಿಕಾ ತರಬೇತಿ ಕೇಂದ್ರಗಳೂ ವಾರಕ್ಕೊಂದು ದಿನವಾದರೂ ಗ್ಯಾರೇಜಿನ ಹುಡುಗರಿಗೆ ಬಾಗಿಲು ತೆರೆದು, ಒಂದು ಫ್ಲೋ ಬೆಂಚನ್ನೂ ಅದನ್ನು ಕಲಿಸುವ ಒಬ್ಬ ಗುರುವನ್ನೂ ಒದಗಿಸಲಿ. ಹಾಗೆ ತಿದ್ದಿದ ಇಂಜಿನ್ನುಗಳು ರಸ್ತೆಗಿಳಿಯದೆ, ಅನುಮತಿ ಪಡೆದ ಪಂದ್ಯದ ಕಣದಲ್ಲಿಯೇ ಓಡಲಿ. ಅಧಿಕಾರಿಗಳು ಒಂದು ಕೈಯಲ್ಲಿ ಕಾಯಿದೆಯನ್ನು ಹಿಡಿಯಲಿ; ಇನ್ನೊಂದರಲ್ಲಿ ಅಳತೆಗೋಲನ್ನು ನೀಡಲಿ.