ಎದೆನೋವಿನ ಆರು ಗಂಟೆ

ಎದೆಯಲ್ಲಿ ನೋವು ಕಾಣಿಸಿಕೊಂಡಾಗ ನಮ್ಮ ಮನೆಗಳಲ್ಲಿ ಮೊದಲು ಕೇಳಿಬರುವ ಮಾತು ‘ಗ್ಯಾಸ್ ಆಗಿರಬೇಕು’ ಎಂಬುದು. ಸೋಡಾ ಕುಡಿಸುತ್ತೇವೆ, ಜೀರಿಗೆ ಕಷಾಯ ಕಾಸುತ್ತೇವೆ, ಬೆನ್ನು ನೀವುತ್ತೇವೆ. ಬೆಳಗಾಗಲಿ, ನೋಡೋಣ ಎನ್ನುತ್ತೇವೆ. ಇದರಲ್ಲಿ ಅಕ್ಕರೆಯ ಕೊರತೆಯಿಲ್ಲ; ಕೊರತೆಯಿರುವುದು ತಿಳಿವಳಿಕೆಯಲ್ಲಿ. ಅದೇ ಹೊತ್ತಿನಲ್ಲಿ ಹೃದಯಕ್ಕೆ ರಕ್ತವೊದಗಿಸುವ ನಾಳದೊಳಗೆ ರಕ್ತ ಹೆಪ್ಪುಗಟ್ಟಿ, ಹೃದಯದ ಸ್ನಾಯು ಸ್ವಲ್ಪಸ್ವಲ್ಪವಾಗಿ ಸಾಯುತ್ತಿರಬಹುದು.

ಹೃದ್ರೋಗದ ಸಂಶೋಧನೆ ಎಂದೊಡನೆ ಹೊಸ ಔಷಧ, ಹೊಸ ಯಂತ್ರಗಳೇ ನಮ್ಮ ನೆನಪಿಗೆ ಬರುತ್ತವೆ. ಅವುಗಳಿಂದಾದ ಉಪಕಾರ ದೊಡ್ಡದು. 1988ರಲ್ಲಿ ಪ್ರಕಟವಾದ ‘ಐಸಿಸ್-2’ ಎಂಬ ಅಂತರರಾಷ್ಟ್ರೀಯ ಅಧ್ಯಯನದಲ್ಲಿ ಹದಿನೇಳು ಸಾವಿರಕ್ಕೂ ಹೆಚ್ಚು ರೋಗಿಗಳು ಪಾಲ್ಗೊಂಡಿದ್ದರು. ಅಗ್ಗದ ಆಸ್ಪಿರಿನ್ ಮಾತ್ರೆಯನ್ನೂ ಹೆಪ್ಪು ಕರಗಿಸುವ ಸ್ಟ್ರೆಪ್ಟೊಕೈನೇಸ್ ಚುಚ್ಚುಮದ್ದನ್ನೂ ಒಟ್ಟಿಗೆ ಪಡೆದವರಲ್ಲಿ, ಎರಡನ್ನೂ ಪಡೆಯದವರಿಗಿಂತ, ಮೊದಲ ಐದು ವಾರಗಳ ಸಾವು ಸುಮಾರು ಶೇಕಡಾ 40ರಷ್ಟು ಕಡಿಮೆಯಾಯಿತು. ಔಷಧ ಬೇಗ ದೊರೆತಷ್ಟೂ ಉಳಿಯುವ ಜೀವಗಳು ಹೆಚ್ಚು ಎಂಬುದೂ ಸ್ಪಷ್ಟವಾಯಿತು.

ಹಾಗಾದರೆ ಆ ಔಷಧ ನಮ್ಮ ಜನರಿಗೆ ಎಷ್ಟು ಬೇಗ ದೊರೆಯುತ್ತಿತ್ತು? ಈ ಪ್ರಶ್ನೆಯನ್ನು ಕೈಗೆತ್ತಿಕೊಂಡದ್ದು ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆಯ ವೈದ್ಯರು ಮುನ್ನಡೆಸಿದ ‘ಕ್ರಿಯೇಟ್’ ಅಧ್ಯಯನ. ದೇಶದ 50 ನಗರಗಳ 89 ಆಸ್ಪತ್ರೆಗಳಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ಹೃದ್ರೋಗಿಗಳ ವಿವರಗಳನ್ನು ದಾಖಲಿಸಿ, 2008ರಲ್ಲಿ ಅದು ಪ್ರಕಟವಾಯಿತು. ತೀವ್ರ ಹೃದಯಾಘಾತವಾದವರಲ್ಲಿ ಅರ್ಧದಷ್ಟು ಜನ ನೋವು ಆರಂಭವಾಗಿ ಆರು ಗಂಟೆ ಕಳೆದ ಮೇಲೆಯೇ ಆಸ್ಪತ್ರೆ ತಲುಪಿದ್ದರು. ಮೂವತ್ತು ದಿನಗಳೊಳಗೆ ಸಿರಿವಂತ ರೋಗಿಗಳಲ್ಲಿ ಶೇಕಡಾ 5.5ರಷ್ಟು ಮಂದಿ ತೀರಿಕೊಂಡಿದ್ದರೆ, ಬಡವರಲ್ಲಿ ಆ ಪ್ರಮಾಣ ಶೇಕಡಾ 8.2 ಆಗಿತ್ತು.

ಬಡವರಿಗೆ ಔಷಧ ಮತ್ತು ಚಿಕಿತ್ಸೆ ಕಡಿಮೆ ದೊರೆತಿದ್ದವು. ಆ ವ್ಯತ್ಯಾಸವನ್ನು ಲೆಕ್ಕಕ್ಕೆ ಹಿಡಿದಾಗ ಸಾವಿನಲ್ಲಿದ್ದ ಅಂತರವೇ ಅಳಿಸಿಹೋಯಿತು. ಅಂದರೆ ಬಡವರ ಹೃದಯ ಬೇರೆಯದಲ್ಲ. ಅವರಿಗೆ ದೊರೆತ ಆರೈಕೆ ಬೇರೆಯದಾಗಿತ್ತು. ಇದನ್ನು ಹಣೆಬರಹವೆಂದು ಕೈಚೆಲ್ಲುವುದು ಸರಿಯಲ್ಲವೆಂದು ನಾವು ಭಾವಿಸುತ್ತೇವೆ.

ಇಂದು ನಮ್ಮ ರಾಜ್ಯದಲ್ಲಿ ಪುನೀತ್ ರಾಜ್‌ಕುಮಾರ್ ಅವರ ಹೆಸರಿನ ಹೃದಯಜ್ಯೋತಿ ಯೋಜನೆಯಿದೆ. ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆದು, ದೂರದ ತಜ್ಞರ ಸಲಹೆ ಪಡೆದು, ದುಬಾರಿಯಾದ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ವ್ಯವಸ್ಥೆ ಅದು. ಸ್ವಾಗತಾರ್ಹವಾದ ಹೆಜ್ಜೆ. ಆದರೆ ವ್ಯವಸ್ಥೆ ಮಾಡಿದರಷ್ಟೇ ಸಾಲದು, ಅದರ ಫಲವನ್ನು ಅಳೆಯಬೇಕು. ಪ್ರತಿ ತಾಲ್ಲೂಕಿನಲ್ಲಿಯೂ ರೋಗಿ ಎಷ್ಟು ತಡವಾಗಿ ಬಂದರು, ಏಕೆ ತಡವಾಯಿತು, ಚುಚ್ಚುಮದ್ದು ಯಾವಾಗ ದೊರೆಯಿತು, ತಿಂಗಳ ನಂತರ ಹೇಗಿದ್ದಾರೆ ಎಂಬುದನ್ನು ದಾಖಲಿಸಿ ಜನರ ಮುಂದಿಡಬೇಕು. ಹೊಲದಲ್ಲಿದ್ದವರಿಗೆ ವಾಹನ ಸಿಗಲಿಲ್ಲವೇ? ಮನೆಯ ತಾಯಿ ತನ್ನ ನೋವನ್ನು ಯಾರಿಗೂ ಹೇಳದೆ ನುಂಗಿಕೊಂಡಳೇ? ಇವೂ ಸಂಶೋಧನೆಯ ಪ್ರಶ್ನೆಗಳೇ. ಹೊಸ ಔಷಧದ ಶೋಧಕ್ಕೆ ಕೊಡುವ ಮಹತ್ವವನ್ನು ಇವಕ್ಕೂ ಕೊಡಬೇಕೆಂಬುದು ನಮ್ಮ ಅಭಿಪ್ರಾಯ.

ಸದ್ಭಕ್ತರಲ್ಲಿ ನಮ್ಮ ಬಿನ್ನಹ ಎರಡು. ಮೊದಲನೆಯದು: ಎದೆಯಲ್ಲಿ ಒತ್ತಿದಂತಾಗುವುದು, ತೋಳಿಗೋ ದವಡೆಗೋ ಹರಿಯುವ ನೋವು, ತಣ್ಣನೆಯ ಬೆವರು, ಏದುಸಿರು ಕಂಡರೆ ಕಷಾಯಕ್ಕೆ ಕಾಯದೆ 108ಕ್ಕೆ ಕರೆಮಾಡಿರಿ. ಹೆಂಗಸರಲ್ಲಿಯೂ ಮಧುಮೇಹಿಗಳಲ್ಲಿಯೂ ನೋವು ಸ್ಪಷ್ಟವಾಗಿಲ್ಲದೆ ಬರೀ ಸುಸ್ತು, ವಾಕರಿಕೆ ಇರಬಹುದು, ಅದನ್ನು ಕಡೆಗಣಿಸಬೇಡಿರಿ. ಎರಡನೆಯದು: ವೈದ್ಯರು ಅಧ್ಯಯನವೊಂದರಲ್ಲಿ ಪಾಲ್ಗೊಳ್ಳುವಿರಾ ಎಂದು ಕೇಳಿದರೆ ಹೆದರಿ ಹಿಂಜರಿಯದಿರಿ. ಉದ್ದೇಶವೇನು, ಅಪಾಯವೇನು ಎಂದು ವಿಚಾರಿಸಿರಿ. ಅರ್ಥವಾದ ಮೇಲೆ ಮಾತ್ರ ಒಪ್ಪಿಗೆ ಕೊಡಿರಿ. ಬೇಡವೆನ್ನುವ ಹಕ್ಕೂ, ನಡುವೆ ಹೊರಬರುವ ಹಕ್ಕೂ ನಿಮಗಿದೆ.

ಇಂದು ನಮ್ಮನ್ನು ಬದುಕಿಸುವ ಚಿಕಿತ್ಸೆಯ ಹಿಂದೆ, ತಮ್ಮ ನೋವಿನ ನಡುವೆಯೂ ಒಪ್ಪಿಗೆ ಕೊಟ್ಟ ಸಾವಿರಾರು ಅಪರಿಚಿತರಿದ್ದಾರೆ. ಅನ್ನದಂತೆ ಅರಿವನ್ನೂ ಹಂಚಿಕೊಳ್ಳುವುದು ದಾಸೋಹವೇ. ಮುಂದೆ ಬರುವ ರೋಗಿಗಾಗಿ ನಾವೂ ಅದರಲ್ಲಿ ಪಾಲುದಾರರಾಗೋಣ.