ಜಾವಾಕ್ಕೆ ಜೈಕಾರ, ಮಾಡಿದವರಿಗೆ?

ಜುಲೈ ತಿಂಗಳ ಎರಡನೇ ಭಾನುವಾರ ಬಂತೆಂದರೆ ಜಾವಾ ಭಕ್ತರ ಸವಾರಿ ಹೊರಡುತ್ತದೆ. ಜೋಡಿ ಸೈಲೆನ್ಸರು, ನೀಲಿ ಹೊಗೆ, ಫಳಫಳ ಹೊಳೆಯುವ ಟ್ಯಾಂಕು, ಸೆಲ್ಫಿ. ಒಂದೊಂದು ನಟ್ಟಿನ ವಂಶಾವಳಿಯೂ ಇವರಿಗೆ ಬಾಯಿಪಾಠ. ಆ ನಟ್ಟು ಬಿಗಿದವನು ಯಾರೆಂದು ಕೇಳಿದರೆ ಮಾತ್ರ ಮುಖ ಮುಖ ನೋಡುತ್ತಾರೆ.

ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯ ಹಳೇ ಕೆಲಸಗಾರರ ಮಾತನ್ನು ಧ್ವನಿಮುದ್ರಿಸಿ ಇಡೋಣ ಎಂದಾಗ ಏಳುವ ತಕರಾರು ಎರಡು. ಮುದುಕರ ನೆನಪು ಇತಿಹಾಸವಲ್ಲ ಎಂಬುದು ಓದಿದವರದು. ಕಾರ್ಖಾನೆ ಮುಳುಗಿಸಿದವರೇ ಅವರು, ಅವರನ್ನೇನು ಕೇಳುವುದು ಎಂಬುದು ಉಳಿದವರದು.

ಮೊದಲು ಒಂದು ಸಣ್ಣ ಲೆಕ್ಕ. ಮೈಸೂರಿನಲ್ಲಿ ಜಾವಾ ತಯಾರಾಗತೊಡಗಿದ್ದು 1961ರಲ್ಲಿ. ಅಂದು ಇಪ್ಪತ್ತರ ಹುಡುಗನಾಗಿ ಗೇಟು ದಾಟಿ ಒಳಗೆ ಹೋದವನಿಗೆ ಈಗ ಎಂಬತ್ತು ದಾಟಿದೆ. ಬೀಗ ಬಿದ್ದದ್ದು 1996ರಲ್ಲಿ. ಅಂದು ಹೊರಬಿದ್ದವರಲ್ಲಿ ತೀರಾ ಎಳೆಯರಿಗೂ ಈಗ ಕನ್ನಡಕ ಬೇಕು. ಸಮಿತಿ ರಚನೆಯಾಗಿ, ಉಪಸಮಿತಿ ಸಭೆ ಸೇರಿ, ಅನುದಾನ ಮಂಜೂರಾಗುವ ಹೊತ್ತಿಗೆ ಮೈಕಿನ ಮುಂದೆ ಕೂರಿಸಲು ಯಾರಿರುತ್ತಾರೆ ಸ್ವಾಮಿ?

ನೆನಪು ಇತಿಹಾಸವಲ್ಲವಂತೆ! ಹೇಳುತ್ತಿರುವುದು ಯಾವ ಊರಿನಲ್ಲಿ? ದೇವರಗುಡ್ಡರ ಬಾಯಿಂದ ಮಲೆ ಮಾದೇಶ್ವರನ ಕಾವ್ಯವನ್ನೂ ನೀಲಗಾರರ ಬಾಯಿಂದ ಮಂಟೇಸ್ವಾಮಿಯ ಕಾವ್ಯವನ್ನೂ ಬರೆದುಕೊಂಡು ಪಿಎಚ್.ಡಿ., ಪ್ರೊಫೆಸರ್‌ಗಿರಿ, ಪ್ರಶಸ್ತಿ ಎಲ್ಲವನ್ನೂ ಗಳಿಸಿದ ಊರಿನಲ್ಲಿ. ಆಗ ಯಾರೂ ಮಾದಪ್ಪನ ಜನನ ಪ್ರಮಾಣಪತ್ರ ಕೇಳಲಿಲ್ಲ. ರಾಗಿ ಬೀಸುವವಳ ಪದ ಜಾನಪದ, ಲೇತಿನ ಮುಂದೆ ಶಿಫ್ಟುಗಟ್ಟಲೆ ನಿಂತವನ ಮಾತು ಹರಟೆ. ಕೈಯಲ್ಲಿ ಕಂಸಾಳೆ ಇದ್ದರೆ ಪರಂಪರೆ, ಸ್ಪ್ಯಾನರ್ ಇದ್ದರೆ ಪಿ.ಎಫ್. ಅರ್ಜಿ!

ನೆನಪು ತಪ್ಪುತ್ತದೆ, ನಿಜ. ಇಟಲಿಯ ತೆರ್ನಿಯಲ್ಲಿ ಲುಯಿಜಿ ತ್ರಾಸ್ತುಲ್ಲಿ ಎಂಬ ಉಕ್ಕು ಕಾರ್ಮಿಕ ಪೊಲೀಸರ ಕೈಯಲ್ಲಿ ಸತ್ತದ್ದು 1949ರಲ್ಲಿ. ಅವನ ಎಷ್ಟೋ ಜೊತೆಗಾರರು ಆ ಸಾವನ್ನು 1953ರ ಸಾಮೂಹಿಕ ವಜಾದ ಗಲಾಟೆಗೆ ಒಯ್ದು ಸೇರಿಸಿ ಹೇಳುತ್ತಿದ್ದರು. ಮೌಖಿಕ ಇತಿಹಾಸಕಾರ ಅಲೆಸ್ಸಾಂಡ್ರೊ ಪೊರ್ತೆಲ್ಲಿ ಆ ತಪ್ಪನ್ನು ತಿದ್ದಿ ಸುಮ್ಮನಾಗಲಿಲ್ಲ. ಊರಿಗೆ ನೋವಾದದ್ದು ಎಲ್ಲಿ ಎಂದು ಅದೇ ತಪ್ಪಿನಿಂದ ಕಂಡುಹಿಡಿದರು. ನಮ್ಮವರಿಗೆ ತಾರೀಖು ತಪ್ಪಿದರೆ ಮುಗಿಯಿತು, ಮುದುಕನನ್ನೇ ಎಬ್ಬಿಸಿ ಕಳಿಸುತ್ತಾರೆ.

ಇನ್ನು ‘ಯೂನಿಯನ್ನೇ ಮುಳುಗಿಸಿತು’ ಎಂಬ ಭಜನೆ. ಆಯ್ತು, ಒಂದು ಪ್ರಶ್ನೆಗೆ ಉತ್ತರ ಕೊಡಿ. 1980ರ ದಶಕದ ನಡುವಿಗೆ ಜಪಾನಿ ಕಂಪನಿಗಳ ಜೊತೆ ಸೇರಿ ತಯಾರಾದ 100 ಸಿಸಿ ಗಾಡಿಗಳು ಪೇಟೆಗೆ ನುಗ್ಗಿದವು. ಹೀರೋ ಹೋಂಡಾ ಮೈಲೇಜಿನಲ್ಲೇ ಮನೆಮಾತಾಯಿತು. ಆಗಲೂ ಪೆಟ್ರೋಲು ಕುಡಿಯುವ 250 ಸಿಸಿಯ ಟೂ ಸ್ಟ್ರೋಕನ್ನೇ ನೆಚ್ಚಿಕೊಂಡು ಕೂರೋಣ ಎಂದು ತೀರ್ಮಾನಿಸಿದ್ದು ಯಾರು, ಬಫಿಂಗ್ ಸೆಕ್ಷನ್ನಿನ ಹೆಲ್ಪರ್‌ಗಳೇ? ಸಂಬಳ ನಿಂತಾಗ ಮನೆ ನಡೆದದ್ದು ಹೇಗೆ, ಪ್ಲೇಟಿಂಗ್ ತೊಟ್ಟಿಯ ಪಕ್ಕ ನಿಂತವನ ಶ್ವಾಸಕೋಶಕ್ಕೆ ಇಳಿದದ್ದೇನು, ಗೇಟಿಗೆ ಬೀಗ ಬಿದ್ದ ಮರುದಿನ ಎಲ್ಲಿಗೆ ಹೋದ? ಲಿಕ್ವಿಡೇಟರ ಕಡತದಲ್ಲಿ ಇದ್ಯಾವುದೂ ಸಿಗುವುದಿಲ್ಲ, ಅಲ್ಲಿ ಅವನೊಂದು ಬಾಕಿ ಮೊತ್ತ. ಹೇಳಬಲ್ಲವನು ಅವನೊಬ್ಬನೇ, ಅವನಿಗೆ ಎಂಬತ್ತು ದಾಟಿದೆ.

ಹೆಸರಿಗೆ ಮಾತ್ರ ಸಾವಿಲ್ಲ. ಜಾವಾ 2018ರಲ್ಲಿ, ಇದೇ ಕಾರ್ಖಾನೆ ಮುಂದೆ ತನ್ನ ಗಾಡಿಗಿಟ್ಟ ಹೆಸರು ಯೆಜ್ಡಿ 2022ರಲ್ಲಿ ಮತ್ತೆ ಹುಟ್ಟಿದವು, ದೂರದ ಮಧ್ಯಪ್ರದೇಶದ ಪೀಥಂಪುರದಲ್ಲಿ. ‘ಯೆಜ್ಡಿ’ ಎಂಬ ಹೆಸರು ಯಾರ ಸ್ವತ್ತೆಂದು ಹೈಕೋರ್ಟಿನಲ್ಲಿ ದೊಡ್ಡ ದೊಡ್ಡ ವಕೀಲರು ವಾದಿಸಿದರು. ಎರಡಕ್ಷರಕ್ಕೆ ಆ ಬೆಲೆ ತಂದುಕೊಟ್ಟ ಕೈಗಳ ಪರವಾಗಿ ವಕಾಲತ್ತು ಹಾಕಿದವರು ಯಾರು?

ಯಾದವಗಿರಿಯನ್ನೇ ನೋಡಿ. ಅಲ್ಲಿರುವ ಆರ್.ಕೆ. ನಾರಾಯಣರ ಮನೆಯನ್ನು ಸರ್ಕಾರಿ ದುಡ್ಡಿನಲ್ಲಿ ಉಳಿಸಬೇಕೋ ಬೇಡವೋ ಎಂದು ನಮ್ಮ ಸಾಹಿತಿಗಳು ಬಹಿರಂಗವಾಗಿ ಜಗಳವಾಡಿದರು. ಕೊನೆಗೆ 2016ರಲ್ಲಿ ಅದು ಮ್ಯೂಸಿಯಂ ಆಯಿತು, ಒಳ್ಳೆಯದೇ ಆಯಿತು. ಅವರ ಕಥೆಗಳಾಚೆ ಎಲ್ಲೂ ಇಲ್ಲದ ಮಾಲ್ಗುಡಿಗೆ ಅಷ್ಟು ಗಲಾಟೆ. ಅದೇ ಬಡಾವಣೆಯಲ್ಲಿ ಸೈರನ್ ಕೂಗುತ್ತಿದ್ದ ಕಾರ್ಖಾನೆಗಾಗಿ ಜಗಳವಾಡಲೂ ಯಾರೂ ಇಲ್ಲ. ಆಕಾಶವಾಣಿ ಇರುವುದೂ ಯಾದವಗಿರಿಯಲ್ಲೇ, ಮೈಕಿಗೂ ಟೇಪಿಗೂ ಊರಾಚೆ ಹೋಗಬೇಕಿರಲಿಲ್ಲ.

ಜಾವಾ ಒಂದರ ಕಥೆಯೇ ಇದು? ನಮ್ಮ ಕೈಗಾರಿಕೆಯ ಚರಿತ್ರೆ ದಿವಾನರಿಂದ ಶುರುವಾಗಿ, ವಿಶ್ವೇಶ್ವರಯ್ಯನವರಿಗೆ ಹಾರ ಹಾಕಿ, ಅಲ್ಲಿಂದ ಒಂದೇ ನೆಗೆತಕ್ಕೆ ಇನ್ಫೋಸಿಸ್ ಗೇಟಿಗೆ ಬಂದು ಬೀಳುತ್ತದೆ. ನಡುವಿನ ಬಿನ್ನಿ ಮಿಲ್ಲು, ಎನ್‌ಜಿಇಎಫ್ ಎಲ್ಲ ಈಗ ರಿಯಲ್ ಎಸ್ಟೇಟಿನವರ ಬಾಯಲ್ಲಿ ಚದರಡಿ ದರಗಳು. ಕೋಲಾರದ ಚಿನ್ನದ ಗಣಿ 2001ರಲ್ಲಿ ಮುಚ್ಚಿತು. ಕೆಜಿಎಫ್ ಹೆಸರಿನಲ್ಲಿ ಸಿನಿಮಾ ಕೋಟಿ ಕೋಟಿ ಬಾಚಿತು. ಕಲ್ಲಿನ ದೂಳು ಕುಡಿದು ಸಿಲಿಕೋಸಿಸ್ ಹತ್ತಿಸಿಕೊಂಡ ಗಣಿಯವರು ಕೆಮ್ಮುತ್ತಾ ಉಳಿದರು, ಅವರ ಕೆಮ್ಮಿಗೆ ಹಿನ್ನೆಲೆ ಸಂಗೀತ ಹೊಂದುವುದಿಲ್ಲ ನೋಡಿ.

ಈ ಧ್ವನಿಮುದ್ರಣಕ್ಕೆ ಕಟ್ಟಡ ಬೇಡ, ಉದ್ಘಾಟನೆ ಬೇಡ, ಸಚಿವರಂತೂ ಬೇಡವೇ ಬೇಡ. ಮಾನಸಗಂಗೋತ್ರಿಯಲ್ಲಿ ಓದುವ ಹುಡುಗ ಹುಡುಗಿಯರ ಜೇಬಿನಲ್ಲಿ ಫೋನಿದೆ. ಪ್ರಬಂಧಕ್ಕೆ ಇನ್ನೊಂದು ಕಾದಂಬರಿಯಲ್ಲಿ ಸ್ತ್ರೀ ಪಾತ್ರಗಳನ್ನು ಎಣಿಸುವ ಬದಲು ನಾಲ್ಕು ಜನ ಫಿಟ್ಟರ್, ವೆಲ್ಡರ್, ಪೇಂಟರ್‌ಗಳ ಮನೆ ಬಾಗಿಲು ತಟ್ಟಲಿ. ಜೊತೆಗೆ ಅವರ ಹೆಂಡತಿಯರನ್ನೂ ಕೇಳಲಿ, ಬಾಕಿ ಸಂಬಳದ ಲೆಕ್ಕ ಅವರಿಗೇ ಚೆನ್ನಾಗಿ ಗೊತ್ತಿರುತ್ತದೆ. ತಪ್ಪೆಲ್ಲ ನಮ್ಮ ಯೂನಿಯನ್ನಿನದೇ ಎಂದು ಆ ಮುದುಕರೇ ಹೇಳಿದರೆ ಅದೂ ಟೇಪಿನಲ್ಲಿರಲಿ. ನನ್ನ ವಾದ ಬಿದ್ದರೆ ಬೀಳಲಿ.